ಮಾಷ್ಟ್ರ ಮೊಣಗಂಟು, ಇಪ್ಪತ್ತು ಇಂಚಿನ ಚಕ್ರ: ಕುಂಬಳೆಯ ಒಂದು ರಾತ್ರಿ ಸವಾರಿಯ ಪ್ರಕರಣ

ಜನವರಿಯ ಒಂದು ಶನಿವಾರ ರಾತ್ರಿ 10 ಗಂಟೆಗೆ ಕುಂಬಳೆಯಿಂದ ಒಂಬತ್ತು ಸೈಕಲ್‌ಗಳು ಹೊರಟವು. ಎಂಟು ದೊಡ್ಡ ಚಕ್ರದವು, ಒಂದು 20 ಇಂಚಿನ ಮಡಚುವ ಸೈಕಲ್. ದಾರಿ ಹೀಗೆ: ಕುಂಬಳೆ, ಸೀತಾಂಗೋಳಿ, ನೀರ್ಚಾಲು, ಬದಿಯಡ್ಕ, ಮುಳ್ಳೇರಿಯ, ಬೋವಿಕ್ಕಾನ, ಚೆರ್ಕಳ, ಕಾಸರಗೋಡು, ಅಲ್ಲಿಂದ ಚಂದ್ರಗಿರಿ ಸೇತುವೆ ದಾಟಿ ಬೇಕಲದ ಮೇಲಾಗಿ ಕಾಞಂಗಾಡು, ಅದೇ ದಾರಿಯಲ್ಲಿ ಕಾಸರಗೋಡಿಗೆ ಹಿಂದಿರುಗಿ ಮತ್ತೆ ಕುಂಬಳೆ. ಒಟ್ಟು ಸುಮಾರು 124 ಕಿ.ಮೀ. ಬೆಳಿಗ್ಗೆ 6:15ಕ್ಕೆ ಮುಗಿಸುವ ಲೆಕ್ಕವಿತ್ತು. ಮುಗಿದದ್ದು 7 ಗಂಟೆಗೆ.

ತಡವಾದ ಆ 45 ನಿಮಿಷದ ಅಪವಾದ ಪೂರ್ತಿ ಬಿದ್ದದ್ದು ಮಡಚುವ ಸೈಕಲಿನ ಮೇಲೆ. ಸವಾರರು ಶಾಲಾ ಅಧ್ಯಾಪಕರು, ವಯಸ್ಸು 43, ತೂಕ 72 ಕಿಲೋ. ಚೆರ್ಕಳದಲ್ಲಿ ಅವರು ಮೊಣಗಂಟು ಹಿಡಿದು ಕೂತಾಗ ಜತೆಯವರು ಹೇಳಿದ ಮಾತು ಈ ಭಾಗದಲ್ಲಿ ಯಾರೂ ಹೇಳುವಂಥದ್ದೇ: "ಸಣ್ಣ ಚಕ್ರ ಅಲ್ವಾ ಮಾಷ್ಟ್ರೇ, ನಾವು ಒಂದು ಸಲ ತುಳಿಯುವಲ್ಲಿ ನಿಮಗೆ ಎರಡು ಸಲ ತುಳಿಯಬೇಕಾಗ್ತದೆ. ಗಂಟು ನೋಯದೆ ಇರ್ತದಾ?"

ಕೇಳುವುದಕ್ಕೆ ಸರಿ ಎನಿಸುವ ಈ ಮಾತು ತಪ್ಪು. ಎಲ್ಲಿ ತಪ್ಪು ಎಂಬುದನ್ನು ಆ ರಾತ್ರಿಯ ನಿಮಿಷಗಳನ್ನೇ ಎಣಿಸಿ ನೋಡಬಹುದು.

ಸೈಕಲ್ ಎಂಥದ್ದು

ಅಲ್ಯೂಮಿನಿಯಂ ಫ್ರೇಮ್, ನಡುವಿನಲ್ಲಿ ಒಂದು ಕೀಲು, ಹ್ಯಾಂಡಲ್ ಕಂಬದ ಬುಡದಲ್ಲಿ ಇನ್ನೊಂದು. ಟಯರ್ 20×1.75, ಅಂದರೆ ಪಕ್ಕದಲ್ಲಿ 47-406 ಎಂದು ಅಚ್ಚಾಗಿರುವ ಅಳತೆ. ಮುಂದಿನ ಚೈನ್ ವೀಲ್ ಒಂದೇ, 52 ಹಲ್ಲಿನದು. ಹಿಂದೆ 14ರಿಂದ 28 ಹಲ್ಲಿನವರೆಗೆ ಏಳು ಗೇರ್. ಸೈಕಲ್ ಸುಮಾರು 13 ಕಿಲೋ, ಚೀಲ ಮತ್ತು ನೀರು 5 ಕಿಲೋ. ಸವಾರರನ್ನೂ ಸೇರಿಸಿದರೆ 90 ಕಿಲೋ.

ಈಗ ತುಳಿತದ ಲೆಕ್ಕ. 20×1.75 ಚಕ್ರ ಒಂದು ಸುತ್ತು ಉರುಳಿದರೆ ಸುಮಾರು 1.52 ಮೀಟರ್. ಗುಂಪಿನಲ್ಲಿದ್ದ ಸಾಮಾನ್ಯ ಹೈಬ್ರಿಡ್ ಸೈಕಲಿನ 700×35 ಚಕ್ರ 2.17 ಮೀಟರ್. ಚಕ್ರ ಹೆಚ್ಚು ಸುತ್ತುತ್ತದೆ ಎಂಬುದು ನಿಜ: 124 ಕಿ.ಮೀ.ಗೆ ಸಣ್ಣ ಚಕ್ರ 81 ಸಾವಿರಕ್ಕೂ ಹೆಚ್ಚು ಸುತ್ತು, ದೊಡ್ಡದು 57 ಸಾವಿರ. ಆದರೆ ಸುತ್ತುವುದು ಚಕ್ರ, ಕಾಲಲ್ಲ. ಮಧ್ಯೆ ಚೈನ್ ಇದೆ. ಮಡಚುವ ಸೈಕಲಿನವರು 52 ಹಲ್ಲಿನ ಚೈನ್ ವೀಲ್ ಹಾಕಿರುವುದೇ ಚಕ್ರದ ಸಣ್ಣತನವನ್ನು ಅಲ್ಲಿ ಸರಿದೂಗಿಸಲಿಕ್ಕೆ. 52ಕ್ಕೆ 20 ಹಲ್ಲಿನ ಗೇರಿನಲ್ಲಿ ಪೆಡಲ್ ಒಂದು ಸುತ್ತು ಬಂದರೆ 3.95 ಮೀಟರ್; ಹೈಬ್ರಿಡ್‌ನಲ್ಲಿ 38ಕ್ಕೆ 20ರಲ್ಲಿ 4.12 ಮೀಟರ್. ಗಂಟೆಗೆ 18 ಕಿ.ಮೀ. ಹೋಗುವಾಗ ಮಾಷ್ಟ್ರು ನಿಮಿಷಕ್ಕೆ 76 ಸಲ ತುಳಿದರೆ ಪಕ್ಕದವರು 73 ಸಲ. ಒಂದಕ್ಕೆ ಎರಡು ಎಂಬ ಮಾತು ಇಲ್ಲಿಗೇ ಮುಗಿಯಿತು.

ಕಾದ 26 ನಿಮಿಷ

ಗುಂಪಿನ ಕ್ರಮವೆಂದರೆ ಕೊನೆಯವರು ಬಂದ ಮೇಲೆ ಹತ್ತು ನಿಮಿಷ ನಿಲ್ಲುವುದು. ಹಾಗಾಗಿ ಎಷ್ಟು ಕಾದರು ಎಂಬ ಲೆಕ್ಕ ಸ್ಪಷ್ಟವಾಗಿ ಸಿಗುತ್ತದೆ. ಬದಿಯಡ್ಕದಲ್ಲಿ 5 ನಿಮಿಷ, ಮುಳ್ಳೇರಿಯದಲ್ಲಿ 8, ಚೆರ್ಕಳದಲ್ಲಿ 13. ಅಂತರ ಏರುತ್ತ ಹೋದದ್ದನ್ನು ಗಮನಿಸಬೇಕು. ಬರಿಯ ಚಕ್ರವೇ ಕಾರಣವಾಗಿದ್ದರೆ ಕಿಲೋಮೀಟರಿಗೆ ಇಷ್ಟು ಎಂದು ಸಮನಾಗಿ ಹಿಂದೆ ಬೀಳಬೇಕಿತ್ತು. ಏನೋ ಒಂದು ಹೊತ್ತು ಕಳೆದಂತೆ ಕೆಡುತ್ತ ಹೋಗಿದೆ ಎಂಬ ಸುಳಿವು ಇಲ್ಲಿದೆ.

ಕೆಡುತ್ತಿದ್ದದ್ದು ಸೀಟಿನ ಎತ್ತರ. ಕಾಸರಗೋಡಿನ ತಟ್ಟುಕಡೆಯ (ರಸ್ತೆ ಬದಿಯ ತಿಂಡಿ ಗಾಡಿಯ) ಬಲ್ಬಿನ ಕೆಳಗೆ ಅಳೆದಾಗ ಹೊರಟಾಗಿನದಕ್ಕಿಂತ 22 ಮಿಲಿಮೀಟರ್ ಇಳಿದಿತ್ತು. ಮಡಚುವ ಸೈಕಲಿನ ಸೀಟುಕಂಬ ಉದ್ದ ಮತ್ತು ದಪ್ಪ, ಅದನ್ನು ಹಿಡಿದಿಡುವುದು ಒಂದೇ ಕ್ಲಾಂಪು. ಸವಾರಿಯ ಹಿಂದಿನ ದಿನ ಕಂಬ ಒಳಗೆ ಬಿಗಿಯಾಗಿ ಜಾರುತ್ತಿಲ್ಲವೆಂದು ಅದಕ್ಕೆ ತೆಂಗಿನೆಣ್ಣೆ ಸವರಲಾಗಿತ್ತು. ನಮ್ಮ ಕಡೆ ಬೀಗದಿಂದ ಹಿಡಿದು ಹೊಲಿಗೆ ಯಂತ್ರದವರೆಗೆ ಎಲ್ಲದಕ್ಕೂ ತೆಂಗಿನೆಣ್ಣೆಯೇ ಮದ್ದು, ಆದರೆ ಇಲ್ಲಿ ಅದೇ ವಿಷ. ಕ್ಲಾಂಪು ಘರ್ಷಣೆಯಿಂದ ಹಿಡಿಯುವ ವಸ್ತು. ಎಣ್ಣೆಯ ಮೇಲೆ ಎಷ್ಟು ಬಿಗಿದರೂ ರಸ್ತೆಯ ಪ್ರತಿ ಉಬ್ಬಿಗೂ ಕೂದಲೆಳೆಯಷ್ಟು ಇಳಿಯುತ್ತದೆ. ಕೂತವರಿಗೆ ಅದು ಗೊತ್ತಾಗುವುದಿಲ್ಲ, ಏಕೆಂದರೆ ಒಂದೇ ಸಲ ಇಳಿಯುವುದಿಲ್ಲ. ಸೀಟು ಇಳಿದಷ್ಟೂ ಪೆಡಲ್ ಮೇಲಿದ್ದಾಗ ಗಂಟು ಹೆಚ್ಚು ಮಡಚುತ್ತದೆ, ಚಿಪ್ಪಿನ ಹಿಂದೆ ಒತ್ತಡ ಬೀಳುತ್ತದೆ, ನೋವು ಮುಂಭಾಗದಲ್ಲಿ ಶುರುವಾಗುತ್ತದೆ. ಚೆರ್ಕಳದವರೆಗಿನ 53 ಕಿ.ಮೀ.ಯಲ್ಲಿ ಕಾಲು ಸುಮಾರು ಹದಿಮೂರು ಸಾವಿರ ಸುತ್ತು ಬಂದಿದೆ. ನೋಯಲೇಬೇಕು. ನೋವಿಗಾಗಿ ಎರಡು ಸಲ ಇಳಿದು ನಿಂತದ್ದರಲ್ಲಿ 9 ನಿಮಿಷ ಹೋಯಿತು.

ಇನ್ನು 5 ನಿಮಿಷ ತಿಂದದ್ದು ನಡುವಿನ ಕೀಲು. ಬದಿಯಡ್ಕ ದಾಟಿದ ಮೇಲಿನ ಏರಿನಲ್ಲಿ ಪ್ರತಿ ತುಳಿತಕ್ಕೂ ಕಿರುಗುಟ್ಟಲು ಶುರುವಾಯಿತು. ಇಲ್ಲಿ ನಿಂತದ್ದು ಸರಿಯಾದ ಕೆಲಸ; ಕೀಲಿನ ಸದ್ದು ಕೇಳಿಯೂ ಓಡಿಸುವವರ ಜತೆ ರಾತ್ರಿ ಸವಾರಿ ಬೇಡ. ಪರೀಕ್ಷೆ ಸುಲಭ: ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಹಿಂದೆ ಮುಂದೆ ಅಲುಗಾಡಿಸಿ, ಇನ್ನೊಂದು ಕೈಯ ಬೆರಳನ್ನು ಕೀಲಿನ ಸಂದಿಯ ಮೇಲೆ ಇಡಿ. ಎರಡು ಭಾಗ ಒಂದರ ಮೇಲೊಂದು ಸರಿಯುವುದು ಬೆರಳಿಗೆ ತಿಳಿಯುತ್ತದೆ. ಕೀಲನ್ನು ಬಿಗಿಯುವ ಹಿಡಿಯನ್ನು ಮುಚ್ಚುವಾಗ ಅರ್ಧದಿಂದಲೇ ಬಿಗಿ ಸಿಗಬೇಕು, ಕೊನೆಗೆ ಅಂಗೈಯಿಂದ ಒತ್ತಿಯೇ ಕೂರಿಸಬೇಕು. ಎರಡು ಬೆರಳಿಗೆ ಮುಚ್ಚಿದರೆ ಸಡಿಲ. ಹೊಂದಿಸುವ ನಟ್ಟನ್ನು ಕಾಲು ಸುತ್ತಿನಂತೆ ತಿರುಗಿಸಿ ಪ್ರತಿ ಸಲವೂ ಮುಚ್ಚಿ ನೋಡಬೇಕು. ಒಂದೇ ಸಲ ಪೂರ್ತಿ ಬಿಗಿದು ಮೇಲೆ ಹತ್ತಿ ಒತ್ತಿದರೆ ಹಿಡಿಯ ತುಂಡೇ ಮುರಿಯಬಹುದು. ಹ್ಯಾಂಡಲ್ ಕಂಬದ ಕೀಲಿಗೂ ಇದೇ ಪರೀಕ್ಷೆ. ಇನ್ನೊಂದು ಮಾತು: ಏರಿನಲ್ಲಿ ಎದ್ದು ನಿಂತು ಹ್ಯಾಂಡಲ್ ಎಳೆದು ತುಳಿಯುವ ಅಭ್ಯಾಸ ಇಂಥ ಸೈಕಲಿಗೆ ಹೇಳಿದ್ದಲ್ಲ. ಉದ್ದ ಕಂಬ ಬಾಗುತ್ತದೆ, ಹಾಕಿದ ಬಲದಲ್ಲಿ ಒಂದು ಪಾಲು ಅಲ್ಲೇ ಸೋರಿಹೋಗುತ್ತದೆ.

26ರಲ್ಲಿ 14 ಕಳೆದರೆ 12 ಉಳಿಯಿತು. ಅದು ಓಡುವಾಗಲೇ ಕಳೆದುಕೊಂಡ ಹೊತ್ತು.

ಗಾಳಿ ಮತ್ತು ಗೇರು

ತಟ್ಟುಕಡೆಯಲ್ಲಿ ಮೀಟರ್ ಇರುವ ಪಂಪು ಹಚ್ಚಿದಾಗ ಹಿಂದಿನ ಟಯರಿನಲ್ಲಿ 36 ಪಿ.ಎಸ್.ಐ., ಮುಂದಿನದರಲ್ಲಿ 34. ಟಯರಿನ ಮೇಲೆ 40ರಿಂದ 65 ಎಂದು ಬರೆದಿತ್ತು. ಹೊರಡುವ ಮುನ್ನ ಹೆಬ್ಬೆರಳಿನಿಂದ ಒತ್ತಿ "ಗಟ್ಟಿ ಉಂಟು" ಎಂದು ಬಿಟ್ಟದ್ದು. ಸಣ್ಣ ಚಕ್ರದ ವಿಷಯದಲ್ಲಿ ಹೆಬ್ಬೆರಳನ್ನು ನಂಬಲಾಗದು. ಅಷ್ಟೇ ಭಾರ, ಅಷ್ಟೇ ಗಾಳಿ ಇದ್ದರೂ ಸಣ್ಣ ಸುತ್ತಳತೆಯ ಟಯರ್ ನೆಲ ಮುಟ್ಟುವಲ್ಲಿ ಹೆಚ್ಚು ಬಾಗಬೇಕಾಗುತ್ತದೆ. ಪ್ರತಿ ಸುತ್ತಿನಲ್ಲೂ ಬಾಗಿ ನೆಟ್ಟಗಾಗುವಾಗ ರಬ್ಬರ್ ತಿನ್ನುವ ಶಕ್ತಿಯೂ ಹೆಚ್ಚು. ಸಣ್ಣ ಚಕ್ರದ ಮೇಲೆ ಹೊರಿಸಬಹುದಾದ ನಿಜವಾದ ಅಪವಾದ ಇದು, ಆದರೆ ಅದರಲ್ಲಿ ಬಹುಪಾಲನ್ನು ಪಂಪಿನಿಂದಲೇ ತೀರಿಸಬಹುದು. ಉರುಳುವಿಕೆಯ ಪ್ರತಿರೋಧದ ಅಂಕ 0.006ರಿಂದ 0.008ಕ್ಕೆ ಏರಿತೆನ್ನಿ. 90 ಕಿಲೋ ಭಾರಕ್ಕೆ, ಗಂಟೆಗೆ 18 ಕಿ.ಮೀ. ವೇಗದಲ್ಲಿ ಅದು ಸುಮಾರು 9 ವ್ಯಾಟ್ ಹೆಚ್ಚುವರಿ. ರಾತ್ರಿಯಿಡೀ ನೂರು ವ್ಯಾಟ್ ಆಸುಪಾಸಿನಲ್ಲಿ ತುಳಿಯುವ ಕಾಲಿಗೆ 9 ಸಣ್ಣ ಸಂಖ್ಯೆಯಲ್ಲ. ವೇಗದಲ್ಲಿ ನೂರಕ್ಕೆ ನಾಲ್ಕು ಕಡಿಮೆಯಾದರೂ ಚೆರ್ಕಳದ ಹೊತ್ತಿಗೆ 7 ನಿಮಿಷ.

ಗಾಳಿಯನ್ನು ಹಿಂದೆ 60, ಮುಂದೆ 50ಕ್ಕೆ ಏರಿಸಲಾಯಿತು. ಎರಡರಲ್ಲೂ ಒಂದೇ ಗಾಳಿ ತುಂಬುವುದು ಬೇಡ, ಭಾರದ ಹೆಚ್ಚಿನ ಪಾಲು ಹಿಂದಿನ ಚಕ್ರದ ಮೇಲಿರುತ್ತದೆ. 65 ಮುಟ್ಟಿಸಿದರೆ ಇನ್ನೂ ಚುರುಕಾಗುತ್ತದೆ ಎನ್ನುವವರಿದ್ದಾರೆ; ನುಣುಪು ಡಾಮರಿನಲ್ಲಿ ಹೌದು, ಜಲ್ಲಿ ಎದ್ದ ಒಳರಸ್ತೆಯಲ್ಲಿ ಬರೀ ಕುಣಿತ.

ಉಳಿದ 5 ನಿಮಿಷ ಏರುಗಳದ್ದು. ಕುಂಬಳೆಯ ಬಯಲಿನಿಂದ ಸೀತಾಂಗೋಳಿಯ ಮುರಕಲ್ಲು ಪದವಿಗೆ (ಎತ್ತರದ ಬಯಲಿಗೆ) ಏರುವುದು, ಮುಂದೆ ಒಂದು ತೋಡಿಗೆ ಇಳಿದು ಮತ್ತೆ ಏರುವುದು. ಕಾಸರಗೋಡಿನ ಒಳನಾಡು ಹೀಗೆಯೇ: ಉದ್ದದ ಘಾಟಿ ಇಲ್ಲ, ಗಿಡ್ಡ ಏರುಗಳು ಒಂದರ ಹಿಂದೊಂದು. ನೂರು ಮೀಟರಿಗೆ 8 ಮೀಟರ್ ಏರುವ ಕಡೆ ಗಂಟೆಗೆ 8 ಕಿ.ಮೀ. ವೇಗಕ್ಕೆ 90 ಕಿಲೋ ಭಾರ ಸುಮಾರು 175 ವ್ಯಾಟ್ ಕೇಳುತ್ತದೆ. ಮಡಚುವ ಸೈಕಲಿನ ಅತಿ ಹಗುರ ಗೇರ್ 52ಕ್ಕೆ 28, ಸುತ್ತಿಗೆ 2.82 ಮೀಟರ್, ಅಲ್ಲಿ ನಿಮಿಷಕ್ಕೆ 47 ತುಳಿತ. ಹೈಬ್ರಿಡ್‌ನವರಿಗೆ ಮುಂದೆ 28 ಹಲ್ಲಿನ ಪುಟ್ಟ ಚೈನ್ ವೀಲ್ ಕೂಡ ಇರುವುದರಿಂದ 28ಕ್ಕೆ 28ರಲ್ಲಿ 2.17 ಮೀಟರ್, 61 ತುಳಿತ. ಅಂದರೆ ಏರಿನಲ್ಲಿ ಮಾಷ್ಟ್ರು ತುಳಿದದ್ದು ಜತೆಯವರಿಗಿಂತ ಕಡಿಮೆ ಸಲ, ಒಂದೊಂದು ತುಳಿತವೂ ಹೆಚ್ಚು ಭಾರ. ಆರೋಪ ತಲೆಕೆಳಗಾದದ್ದು ಇಲ್ಲಿ. ಮೊದಲೇ ಇಳಿದ ಸೀಟು, ಅದರ ಮೇಲೆ 47ರ ಭಾರದ ತುಳಿತ: ಗಂಟಿಗೆ ಇದಕ್ಕಿಂತ ಕೆಟ್ಟ ಜೋಡಿ ಇಲ್ಲ.

ಇದಕ್ಕೆ ಪರಿಹಾರ ಚೈನ್ ವೀಲನ್ನು 52ರಿಂದ 44ಕ್ಕೆ ಇಳಿಸುವುದು. ಹಗುರ ಗೇರ್ 2.39 ಮೀಟರ್ ಆಗುತ್ತದೆ, ಅದೇ ಏರಿನಲ್ಲಿ 56 ತುಳಿತ. ವೇಗದ ತುದಿಯಲ್ಲಿ ನಷ್ಟವಿದೆ, ಆದರೆ 44ಕ್ಕೆ 14ರಲ್ಲೂ ನಿಮಿಷಕ್ಕೆ 85 ತುಳಿದರೆ ಗಂಟೆಗೆ 24 ಕಿ.ಮೀ. ಸಿಗುತ್ತದೆ. 18–20ರಲ್ಲಿ ಹೋಗುವ ಗುಂಪಿಗೆ ಧಾರಾಳ. ಚೈನಿನಿಂದ ನಾಲ್ಕು ಕೊಂಡಿ, ಅಂದರೆ ಎರಡು ಇಂಚು, ತೆಗೆಯಬೇಕಾಗುತ್ತದೆ. ಕಡಿಮೆ ಬೆಲೆಯ ಹಲವು ಸೈಕಲ್‌ಗಳಲ್ಲಿ ಚೈನ್ ವೀಲನ್ನು ಪೆಡಲ್ ತೋಳಿಗೆ ರಿವೆಟ್ ಹೊಡೆದು ಕೂರಿಸಿರುತ್ತಾರೆ. ಆಗ ತೋಳಿನ ಸೆಟ್ಟನ್ನೇ ಬದಲಿಸಬೇಕು. ಹಿಂದೆ 34 ಹಲ್ಲಿನವರೆಗಿನ ಫ್ರೀವೀಲ್ (ಹಿಂದಿನ ಗೇರುಗಳ ಗೊಂಚಲು) ಹಾಕುವುದು ಇನ್ನೊಂದು ದಾರಿ, ಫಲ ಹೆಚ್ಚುಕಡಿಮೆ ಅಷ್ಟೇ. ಅದಕ್ಕೆ ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಡಿರೇಲರ್ ಉದ್ದ ತೋಳಿನದ್ದು ಬೇಕು. ಸಣ್ಣ ಚಕ್ರದಲ್ಲಿ ಆಕ್ಸಲ್ ನೆಲದಿಂದ 24 ಸೆಂ.ಮೀ. ಮಾತ್ರ ಎತ್ತರ ಇರುವುದರಿಂದ ಉದ್ದ ತೋಳು ನೆಲಕ್ಕೆ ತೀರ ಹತ್ತಿರ ನೇತಾಡುತ್ತದೆ, ರಸ್ತೆ ಬದಿಯ ಹುಲ್ಲು ಕಲ್ಲುಗಳಿಗೆ ತಗಲುತ್ತದೆ. 44ರ ಚೈನ್ ವೀಲೇ ಮೇಲು.

ದಾಖಲೆಗಾಗಿ ಒಂದು ಮಾತು. 1962ರಲ್ಲಿ ಬ್ರಿಟನ್ನಿನ ಅಲೆಕ್ಸ್ ಮೋಲ್ಟನ್ ಸಣ್ಣ ಚಕ್ರದ ಸೈಕಲನ್ನು ಮಾರುಕಟ್ಟೆಗೆ ತಂದರು. ಗಟ್ಟಿ ಗಾಳಿಯ ಟಯರ್, ಕುಲುಕಾಟ ನುಂಗಲು ಸಸ್ಪೆನ್ಷನ್. ಅದೇ ವರ್ಷ ಜಾನ್ ವುಡ್‌ಬರ್ನ್ ಅದನ್ನೇರಿ ಕಾರ್ಡಿಫ್‌ನಿಂದ ಲಂಡನ್ನಿಗೆ ಹೋಗುವ ದಾಖಲೆಯನ್ನು ಮುರಿದರು. ಅದು ಮಡಚುವ ಸೈಕಲ್ ಅಲ್ಲ ನಿಜ, ಚಕ್ರವಂತೂ ಸಣ್ಣದೇ.

ತಟ್ಟುಕಡೆಯಲ್ಲಿ ಮಾಡಿದ್ದು

ಅಲ್ಲಿಗೆಂದು ಮೊದಲೇ ಇಟ್ಟಿದ್ದ 45 ನಿಮಿಷದ ವಿಶ್ರಾಂತಿಯನ್ನು 26ಕ್ಕೆ ಇಳಿಸಿ 19 ನಿಮಿಷ ಹಿಂದೆ ಪಡೆದರು. ಆ 26 ನಿಮಿಷದಲ್ಲಿ ಸೀಟುಕಂಬವನ್ನು ಪೂರ್ತಿ ಹೊರತೆಗೆದು ಪಾತ್ರೆ ತೊಳೆಯುವ ಸೋಪಿನಲ್ಲಿ ಉಜ್ಜಿ ಒರೆಸಿದರು. ಕೊಳವೆಯ ಒಳಭಾಗಕ್ಕೆ ಕೋಲಿಗೆ ಸುತ್ತಿದ ಬಟ್ಟೆ. ಎರಡೂ ಪೂರ್ತಿ ಒಣಗಬೇಕು. ಜನವರಿಯ ಮಂಜಿನಲ್ಲಿ ಲೋಹ ಸುಮ್ಮನೆ ಇಟ್ಟರೂ ಒದ್ದೆಯಾಗುತ್ತದೆ. ಎತ್ತರಕ್ಕೆ ಹಳೆಯ ಲೆಕ್ಕವೇ ಸಾಕು: ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಟ್ಟರೆ ಕಾಲು ನೇರವಾಗಬೇಕು. ಕಂಬದ ಮೇಲೆ ಕನಿಷ್ಠ ಒಳಗಿರಬೇಕಾದ ಗೆರೆ ಇರುತ್ತದೆ, ಅದು ಹೊರಗೆ ಕಾಣಬಾರದು. ಕೊನೆಗೆ ಕ್ಲಾಂಪಿನ ಮೇಲಂಚಿಗೆ ಸರಿಯಾಗಿ ಎಲೆಕ್ಟ್ರಿಷಿಯನ್ ಟೇಪಿನ ಒಂದು ಸುತ್ತು. ಮುಂದೆ ಎಲ್ಲೇ ನಿಂತರೂ ಟೇಪು ಕಂಡರೆ ಸರಿ, ಒಳಗೆ ಹೋಗಿದ್ದರೆ ಇಳಿದಿದೆ.

ಕಾಸರಗೋಡಿನಿಂದ ಕಾಞಂಗಾಡಿಗೆ 25 ಕಿ.ಮೀ. ಅಲ್ಲಿ ಗುಂಪು ಮಾಷ್ಟ್ರಿಗಾಗಿ ಕಾದದ್ದು 2 ನಿಮಿಷ. ಅದೇ ಸವಾರ, ಅದೇ ಚಕ್ರ, ಮೊದಲೇ ನೊಂದ ಗಂಟು. ಕರಾವಳಿಯ ರಸ್ತೆ ಒಳನಾಡಿನಷ್ಟು ಏರಿಳಿತದ್ದಲ್ಲ, ಹಾಗಾಗಿ ಈ 2 ನಿಮಿಷ ಗೇರಿನ ಕೊರತೆಯನ್ನು ಪರೀಕ್ಷಿಸಲಿಲ್ಲ ಎಂದು ಒಪ್ಪಬೇಕು. ಸೀಟು ಮತ್ತು ಗಾಳಿಯ ಮಟ್ಟಿಗೆ ಉತ್ತರ ಸಿಕ್ಕಿತು.

ಚಕ್ರದ ನಿಜವಾದ ದೋಷ

ಸಣ್ಣ ಚಕ್ರ ನಿರ್ದೋಷಿ ಎಂದಲ್ಲ. ಅದರ ದೋಷ ಗುಂಡಿಯಲ್ಲಿ ಕಾಣಿಸುತ್ತದೆ. ರಸ್ತೆಯಲ್ಲಿ 25 ಸೆಂ.ಮೀ. ಅಗಲದ ಆಳವಾದ ಗುಂಡಿ ಇದೆ ಎನ್ನಿ. ನಿಧಾನವಾಗಿ ಉರುಳಿಸಿದರೆ ದೊಡ್ಡ ಚಕ್ರ ಅದರೊಳಗೆ 23 ಮಿ.ಮೀ. ಇಳಿಯುತ್ತದೆ, ಸಣ್ಣದು 35 ಮಿ.ಮೀ. ಮುಂದಿನವರು "ಏನಿಲ್ಲ" ಎಂದು ಹಾರಿಸಿಕೊಂಡು ಹೋದ ಗುಂಡಿ ಹಿಂದಿರುವ ಮಡಚುವ ಸೈಕಲಿಗೆ ಏನೋ ಇದೆ. ಹಾಗಾಗಿ ಗುಂಪಿನಲ್ಲಿ ಅದರ ಜಾಗ ಎರಡನೆಯದು ಅಥವಾ ಮೂರನೆಯದು, ಮುಂದಿನವರ ನೇರ ಹಿಂದಲ್ಲ, ಒಂದು ಮೊಳ ಪಕ್ಕಕ್ಕೆ ಸರಿದು, ಎರಡು ಮೂರು ಮೀಟರ್ ಅಂತರದಲ್ಲಿ. ಕೊನೆಗೆ ತಳ್ಳಿದರೆ ಗುಂಡಿ ಎಂಬ ಕೂಗು ಅಲ್ಲಿಗೆ ತಲುಪುವುದಿಲ್ಲ. ಗುಂಪಿನವರು ಮಾಡಿದ್ದು ಅದನ್ನೇ, ಮರ್ಯಾದೆಗೆಂದು ನಿಧಾನದವರನ್ನು ಹಿಂದೆ ಬಿಟ್ಟರು.

ಡಾಮರಿನ ಅಂಚು ಇನ್ನೂ ಅಪಾಯದ್ದು. ಲಾರಿಗೆ ದಾರಿ ಬಿಡಲು ಕೆಂಪು ಮಣ್ಣಿಗೆ ಇಳಿದರೆ, ಓಡುತ್ತಲೇ ಓರೆಯಾಗಿ ಮತ್ತೆ ಡಾಮರಿಗೆ ಹತ್ತಿಸಲು ಹೋಗಬಾರದು. ಸಣ್ಣ ಚಕ್ರ ಅಂಚನ್ನು ಹತ್ತದೆ ಅದರ ಉದ್ದಕ್ಕೂ ಜಾರಿ ಕೆಡವುತ್ತದೆ. ನಿಂತು ಎತ್ತಿಡಿ.

ಹ್ಯಾಂಡಲ್ ಚಂಚಲ. ಒಂದು ಕೈ ಬಿಟ್ಟು ನೀರು ಕುಡಿಯುವಾಗ ದೊಡ್ಡ ಚಕ್ರದಷ್ಟು ನೆಟ್ಟಗೆ ಹೋಗುವುದಿಲ್ಲ. ರಾತ್ರಿ ಮೂರರಿಂದ ಐದರ ನಡುವೆ, ಕಣ್ಣು ತಾನಾಗಿ ಮುಚ್ಚುವ ಹೊತ್ತಿನಲ್ಲಿ, ಇದು ಸಣ್ಣ ವಿಷಯವಲ್ಲ. ನಿಂತು ಕುಡಿಯಬೇಕು, ತೂಕಡಿಕೆ ಬಂದರೆ ಬಸ್ ಸ್ಟಾಪಿನ ಬೆಂಚಿನಲ್ಲಿ ಹದಿನೈದು ನಿಮಿಷ ಮಲಗಬೇಕು. ದೀಪವನ್ನು ಎತ್ತರದ ಹ್ಯಾಂಡಲ್ ಮೇಲೆ ಕಟ್ಟುವುದಕ್ಕಿಂತ ಮುಂದಿನ ಫೋರ್ಕಿನ ತಲೆಯ ಹತ್ತಿರ ಕಟ್ಟಿದರೆ ಕಂಬದ ಅಲುಗಾಟ ಅದಕ್ಕೆ ತಟ್ಟುವುದಿಲ್ಲ, ಬೆಳಕು ತಗ್ಗಿನಿಂದ ಬಿದ್ದು ಗುಂಡಿಯ ನೆರಳು ಉದ್ದವಾಗಿ ಕಾಣುತ್ತದೆ. ಹಿಂದಿನ ಕೆಂಪು ದೀಪ ಮಿಣುಕಬಾರದು, ಹಿಂದೆ ಬರುವವರ ಕಣ್ಣು ಕೋರೈಸುತ್ತದೆ. ಚೀಲ ಅದನ್ನು ಮುಚ್ಚದಂತೆ ನೋಡಿಕೊಳ್ಳಬೇಕು.

ಬೇಕಲದ ಹತ್ತಿರ 38 ನಿಮಿಷ

ಹಿಂದಿರುಗುವಾಗ 4:45ರ ಸುಮಾರಿಗೆ ಹಿಂದಿನ ಚಕ್ರ ಪಂಚರ್. ಒಂದೇ ಏಟಿಗೆ ಅತಿ ಹೆಚ್ಚು ಹೊತ್ತು ನುಂಗಿದ ಘಟನೆ ಇದು, ಅದರಲ್ಲಿ ಪಂಚರಿನ ಪಾಲು ಅರ್ಧಕ್ಕಿಂತ ಕಡಿಮೆ.

ಮೊದಲ 16 ನಿಮಿಷ ಪಾನಾ ಹುಡುಕುವುದರಲ್ಲೇ ಹೋಯಿತು. ಎಂಟೂ ದೊಡ್ಡ ಸೈಕಲ್‌ಗಳ ಚಕ್ರ ಹಿಡಿ ತಿರುಗಿಸಿ ಕಳಚುವಂಥವು. ಮಡಚುವ ಸೈಕಲಿನ ಹಿಂದಿನ ಚಕ್ರಕ್ಕೆ 15 ಮಿ.ಮೀ. ನಟ್ಟು. ಒಂಬತ್ತು ಚೀಲಗಳಲ್ಲಿ ಅಲನ್ ಕೀಗಳ ಮೂರು ಸೆಟ್ಟು ಸಿಕ್ಕವು, 15ರ ಪಾನಾ ಒಂದೂ ಇಲ್ಲ. ಟ್ಯೂಬ್ ಆರು ಇದ್ದವು, ಎಲ್ಲವೂ 700ರ ಅಳತೆ. ಆಮೇಲೆ ಒಬ್ಬರಿಗೆ ಹೊಳೆಯಿತು: ಚಕ್ರ ಕಳಚುವುದೇ ಬೇಡ. ಸೈಕಲನ್ನು ಮಲಗಿಸಿ, ಚೈನ್ ಇಲ್ಲದ ಬದಿಯಲ್ಲಿ ಟಯರಿನ ಅಂಚನ್ನು ಲಿವರಿನಿಂದ ಎತ್ತಿ, ತೂತು ಇರುವಷ್ಟು ಟ್ಯೂಬನ್ನು ಮಾತ್ರ ಹೊರಗೆಳೆದು ಪ್ಯಾಚ್ ಹಚ್ಚಬಹುದು. ರಸ್ತೆ ಬದಿಯ ಪಂಚರ್ ಅಂಗಡಿಯವರು ದಿನವೂ ಮಾಡುವುದು ಹೀಗೆಯೇ.

ಮೊದಲ ಪ್ಯಾಚ್ ನಿಲ್ಲಲಿಲ್ಲ. ಮಂಜಿನ ತೇವದ ಮೇಲೆ ಸೊಲ್ಯೂಶನ್ ಹಚ್ಚಿ, ಅದು ಒಣಗುವ ಮುನ್ನವೇ ಅಂಟಿಸಿದ್ದರು. ಅದಕ್ಕೆ 9 ನಿಮಿಷ ದಂಡ. ಎರಡನೆಯ ಸಲ ಟ್ಯೂಬನ್ನು ಬಟ್ಟೆಯಿಂದ ಒರೆಸಿ, ಉಜ್ಜಿ, ಸೊಲ್ಯೂಶನಿನ ಹೊಳಪು ಹೋಗುವವರೆಗೆ ಐದು ನಿಮಿಷ ಬಿಟ್ಟು ಒತ್ತಿದರು. ಈ ನಡುವೆ ಟಯರಿನ ಒಳಗೆ ಬಟ್ಟೆ ಎಳೆದಾಗ ಎಳೆ ಸಿಕ್ಕಿಕೊಂಡಿತು: ಸಿಡಿದ ಲಾರಿ ಟಯರಿನಿಂದ ಉದುರುವ, ಕೂದಲಿನಷ್ಟು ಸಣ್ಣ ತಂತಿ. ಬರಿ ಬೆರಳು ಆಡಿಸಿದರೆ ಬೆರಳಿಗೇ ಚುಚ್ಚುತ್ತದೆ. ಅದನ್ನು ಕೀಳದೆ ಹೊಸ ಟ್ಯೂಬ್ ಹಾಕಿದ್ದರೂ ಮತ್ತೆ ಪಂಚರ್ ಆಗುತ್ತಿತ್ತು.

ಸಣ್ಣ ಚಕ್ರಕ್ಕೆ ಟಯರ್ ಕೂರಿಸುವುದು ಕಷ್ಟ ಎಂಬ ದೂರು ಆಗಲೂ ಬಂತು. ಅಂಚನ್ನು ರಿಮ್ಮಿನ ನಡುವಿನ ತಗ್ಗಿಗೆ ಸುತ್ತಲೂ ಒತ್ತಿಕೊಂಡು ಬಂದರೆ ಕೊನೆಯ ಗೇಣು ಸಡಿಲವಾಗಿ ಸಿಗುತ್ತದೆ. ಮುಗಿಸುವುದು ವಾಲ್ವಿನ ಕಡೆ. 

ಟ್ಯೂಬಿನ ಬಗ್ಗೆ ಒಂದು ಅನುಕೂಲ ಇದೆ. 406ರ ಅಳತೆಯೇ ಮಕ್ಕಳ 20×1.75 ಸೈಕಲಿನದ್ದು, ಮುಳ್ಳೇರಿಯದಂಥ ಪೇಟೆಯ ಸೈಕಲ್ ಅಂಗಡಿಯಲ್ಲೂ ಕೇಳಿ ನೋಡಬಹುದು. ಆದರೆ 20 ಇಂಚು ಎಂದೇ ಕರೆಯುವ 451ರ ಅಳತೆಯೂ ಇದೆ. ಅದರ ಟಯರ್ ಇದಕ್ಕೆ ಕೂರುವುದಿಲ್ಲ. ಅಂಗಡಿಯಲ್ಲಿ ಇಂಚು ಹೇಳದೆ ಟಯರಿನ ಪಕ್ಕದ ಮೂರಂಕಿ ತೋರಿಸಬೇಕು.

ಲೆಕ್ಕ ಕೂಡಿಸಿದರೆ: ಕಾದದ್ದು 26, ಪಂಚರ್ 38, ಒಟ್ಟು 64, ವಿಶ್ರಾಂತಿಯಲ್ಲಿ ಉಳಿಸಿದ್ದು 19, ಉಳಿದದ್ದು 45. ಕಾಞಂಗಾಡಿನ 2 ನಿಮಿಷ ಅಲ್ಲಿನ ಚಹಾದಲ್ಲಿ ಕರಗಿತು. ಈ 64ರಲ್ಲಿ ಗಾಳಿಯ 7ನ್ನೂ ಗೇರಿನ 5ನ್ನೂ ಪೂರ್ತಿ ಚಕ್ರದ ಹೆಸರಿಗೇ ಬರೆದರೂ 12 ನಿಮಿಷ. ತೆಂಗಿನೆಣ್ಣೆ 9, ಪಾನಾ ಇಲ್ಲದ್ದು 16.

ಮುಂದಿನ ಸವಾರಿಗೆ ಸಿದ್ಧಪಡಿಸಿದ ಚೀಲದಲ್ಲಿ 15ರ ಗಿಡ್ಡ ಪಾನಾ, 406ರ ಎರಡು ಟ್ಯೂಬ್, ಲಿವರ್ ಎರಡು, ಪ್ಯಾಚು, ಉಜ್ಜುಕಾಗದ, ಒಣ ಬಟ್ಟೆ, ಟೇಪು. ಸೀಟುಕಂಬಕ್ಕೆ ಎಣ್ಣೆ ಇಲ್ಲ. ಚೈನ್ ವೀಲ್ ರಿವೆಟಿನದ್ದೇ ಆಗಿರುವುದರಿಂದ 44ರ ಸೆಟ್ಟು ಬರುವವರೆಗೆ ಸೀತಾಂಗೋಳಿಯ ಏರಿನ ಕೊನೆಯ ಭಾಗವನ್ನು ಮಾಷ್ಟ್ರು ತಳ್ಳಿಕೊಂಡೇ ಹೋಗುವುದೆಂದು ತೀರ್ಮಾನ. ನಡೆದರೆ ಹೋಗುವುದು ಎರಡು ನಿಮಿಷ, ಗಂಟು ಉಳಿಯುತ್ತದೆ.

ಆ ಬೆಳಿಗ್ಗೆ ಕುಂಬಳೆಯಲ್ಲಿ ಅವರು ಎರಡು ಕೀಲು ಬಿಚ್ಚಿ ಸೈಕಲನ್ನು ಆಟೋದ ಹಿಂದಿನ ಜಾಗಕ್ಕೆ ತುರುಕಿ ಮನೆಗೆ ಹೋದರು. ಉಳಿದ ಎಂಟು ಮಂದಿಗೆ ಮನೆಯವರೆಗೂ ತುಳಿಯುವುದಿತ್ತು.